ಬಾಗಿದ ಗೋಡೆ ಮತ್ತು ನಮ್ಮ ಕಡೆಯ ಗೂಡ್ಸ್ ಶೆಡ್

ಪ್ರಶ್ನೆ: ನಾನು ಕೊಪ್ಪಳದವನು, ನಿವೃತ್ತ ಶಿಕ್ಷಕ. ಅಮೆರಿಕದಲ್ಲಿರುವ ಮಗಳು ಬರುವಾಗ ಮಾದರಿ ರೈಲಿಗೆ ಹೊಂದುವ ಎಚ್‌ಒ ಸ್ಕೇಲಿನ (ನಿಜದ ಅಳತೆಯ 87ರಲ್ಲಿ ಒಂದು ಪಾಲು) ಮರದ ಗೂಡ್ಸ್ ಶೆಡ್ ಕಿಟ್ ತಂದುಕೊಟ್ಟಳು. ಗೋಡೆಗಳನ್ನು ಹಾಳೆಯಿಂದ ಬಿಡಿಸಿ, ಹೊರಮೈಗೆ ನೀರಿನ ಬಣ್ಣ ಬಳಿದು ಒಣಗಲು ಇಟ್ಟಿದ್ದೆ. ನಾಲ್ಕನೇ ದಿನ ನೋಡಿದರೆ ಉದ್ದನೆಯ ಗೋಡೆ ದೋಣಿಯ ಹಾಗೆ ಬಾಗಿದೆ. ಇದು ಸರಿಹೋಗುತ್ತದೆಯೇ, ಬಿಸಾಡಬೇಕೇ? ಇನ್ನೊಂದು ಮಾತು: ಕಿಟ್ ಪೂರ್ತಿ ಅಮೆರಿಕದ ಹಳ್ಳಿಯ ಥರ ಇದೆ. ಮೀಟರ್ ಗೇಜ್ (ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ) ಕಾಲದಲ್ಲಿ ನಮ್ಮ ಕಡೆಯ ಸ್ಟೇಷನ್‌ಗಳಲ್ಲಿದ್ದ ಶೆಡ್ಡಿನಂತೆ ಅದನ್ನು ಬದಲಾಯಿಸಲು ಬರುತ್ತದೆಯೇ?

ಉತ್ತರ: ಬಿಸಾಡಬೇಡಿ ಮೇಷ್ಟ್ರೇ, ಗೋಡೆ ಉಳಿಯುತ್ತದೆ. ಮೊದಲು ಅದನ್ನೇ ನೋಡೋಣ.

ಗೋಡೆಯ ಮೇಲಂಚು, ಕೆಳಂಚು ಎರಡೂ ಬಣ್ಣ ಬಳಿದ ಕಡೆಗೇ ಎದ್ದಿರಬೇಕು. ಬಣ್ಣದ ಪೊರೆ ಒಣಗುತ್ತ ಕುಗ್ಗುತ್ತದೆ, ಕುಗ್ಗುವಾಗ ತೆಳುವಾದ ಹಲಗೆಯನ್ನೂ ತನ್ನತ್ತ ಎಳೆದುಕೊಳ್ಳುತ್ತದೆ. ಹಿಂದಿನಿಂದ ಹಿಡಿದು ಎಳೆಯಲು ಅಲ್ಲಿ ಏನೂ ಇರಲಿಲ್ಲ. ಆದ್ದರಿಂದ ಈಗ ಒಳಮೈಗೂ ಅದೇ ಬಣ್ಣವನ್ನು ಅಷ್ಟೇ ತೆಳುವಾಗಿ ಒಂದು ಕೈ ಬಳಿಯಿರಿ. ಮುಟ್ಟಿದರೆ ಬೆರಳಿಗೆ ಹತ್ತಬಾರದು, ಆದರೆ ಒಳಗೆ ಇನ್ನೂ ಸ್ವಲ್ಪ ಹಸಿ ಇರಬೇಕು. ಆ ಹದದಲ್ಲಿ ಎರಡೂ ಬದಿಗೆ ಬಟರ್ ಪೇಪರ್ ಹಾಕಿ ಎರಡು ಗಾಜಿನ ತುಂಡುಗಳ ನಡುವೆ ಇಟ್ಟು, ಮೇಲೆ ನಾಲ್ಕು ದಪ್ಪ ಪುಸ್ತಕ ಹೇರಿ. ಎರಡು ದಿನ ಎತ್ತಿ ನೋಡುವ ಆಸೆ ಬೇಡ. ಹೊರತೆಗೆದಾಗ ಕೂದಲೆಳೆಯಷ್ಟು ಬಾಗು ಉಳಿದಿದ್ದರೂ ಚಿಂತೆಯಿಲ್ಲ, ಆಮೇಲೆ ಗೋಡೆಯ ಹಿಂಬದಿಗೆ ಅಂಟಿಸುವ ಆಧಾರಪಟ್ಟಿ ಅದನ್ನು ಸರಿಮಾಡುತ್ತದೆ. ಇಸ್ತ್ರಿ ಪೆಟ್ಟಿಗೆ ಒತ್ತಿ ನೆಟ್ಟಗೆ ಮಾಡುವವರನ್ನು ನೋಡಿದ್ದೇನೆ. ಬಣ್ಣ ಬಳಿದ ಹಲಗೆಗೆ ಅದು ಬೇಡವೇ ಬೇಡ.

ಇನ್ನು ಇದು ಯಾಕೆ ಹೀಗಾಯಿತು ಎಂಬುದು. ಇದು ತಿಳಿದರೆ ಮುಂದಿನ ಕೆಲಸವೆಲ್ಲ ಹಗುರ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಈ ಕಿಟ್‌ಗಳ ಮರ ಸಾಮಾನ್ಯವಾಗಿ ಬಾಸ್‌ವುಡ್. ಎಳೆ ನಯ, ಬ್ಲೇಡಿಗೆ ಚೆನ್ನಾಗಿ ಬಗ್ಗುತ್ತದೆ, ಆದರೆ ಗಾಳಿಯ ತೇವಕ್ಕೆ ಬಲು ಬೇಗ ಹಿಗ್ಗಿ ಕುಗ್ಗುವ ಮರ. ಹಸಿಮರ ಪೂರ್ತಿ ಒಣಗುವಷ್ಟರಲ್ಲಿ ಎಳೆಗೆ ಅಡ್ಡವಾಗಿ ಸುಮಾರು 9 ಪ್ರತಿಶತದವರೆಗೆ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಮಾತ್ರ ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು. ಗಾಳಿಯಲ್ಲಿ 65 ಪ್ರತಿಶತ ತೇವ ಇದ್ದರೆ ಮರ ತನ್ನೊಳಗೆ 12 ಪ್ರತಿಶತದಷ್ಟು ನೀರು ಹಿಡಿದುಕೊಳ್ಳುತ್ತದೆ. ಗಾಳಿಯ ತೇವ 30ಕ್ಕೆ ಇಳಿದರೆ ಮರದ ನೀರು 6ಕ್ಕೆ ಇಳಿಯುತ್ತದೆ. ಮೊದಲನೆಯದು ನಮ್ಮ ಆಗಸ್ಟ್, ಎರಡನೆಯದು ನಮ್ಮ ಏಪ್ರಿಲ್ ಮಧ್ಯಾಹ್ನ. ನಿಮ್ಮ ಗೋಡೆಯ ಎತ್ತರ 12 ಅಡಿ ಎಂದಿಟ್ಟುಕೊಂಡರೆ ಎಚ್‌ಒ ಸ್ಕೇಲಿನಲ್ಲಿ ಅದು 42 ಮಿ.ಮೀ. ಅಡ್ಡ ಹಲಗೆಯ ಗೋಡೆಯಲ್ಲಿ ಎಳೆ ಉದ್ದಕ್ಕೆ ಓಡುತ್ತದೆ, ಕುಗ್ಗುವುದು ಎತ್ತರ. ಮಳೆಗಾಲದಿಂದ ಬೇಸಿಗೆಗೆ ಬರುವಷ್ಟರಲ್ಲಿ ಮುಕ್ಕಾಲು ಮಿ.ಮೀ. ಹೋಗಿರುತ್ತದೆ. ಕೇಳಲು ಏನೂ ಅಲ್ಲ ಅನಿಸಬಹುದು. 87ರಿಂದ ಗುಣಿಸಿ ನೋಡಿ: ನಿಜವಾದ ಶೆಡ್ಡಿನಲ್ಲಿ ಸುಮಾರು ಎರಡೂವರೆ ಇಂಚಿನ ಬಿರುಕು.

ಈ ಲೆಕ್ಕ ನನಗೆ ತಿಳಿದದ್ದು ಒಂದು ಕೆಲಸ ಕೆಟ್ಟ ಮೇಲೆ. ಬಳ್ಳಾರಿಯ ನಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಕಿಟ್ಟಿನ ಪೊಟ್ಟಣ ಒಡೆದು, ಅದೇ ವಾರ ಪ್ಲಾಟ್‌ಫಾರ್ಮಿನ ಒಂದು ಚಾವಣಿ ಕಟ್ಟಿ ಮುಗಿಸಿದ್ದೆ. ಏಪ್ರಿಲ್ ಹೊತ್ತಿಗೆ ಚಾವಣಿ ಹಲಗೆ ಗೋಡೆಯಿಂದ ಬಿಟ್ಟುಕೊಂಡು, ಸಂದಿಯಲ್ಲಿ ಬೆಳಕು ಕಾಣುತ್ತಿತ್ತು. ಅಂದಿನಿಂದ ಎರಡು ನಿಯಮ ಬಿಟ್ಟಿಲ್ಲ. ಕಿಟ್ ಬಂದ ಮೇಲೆ ಪ್ಲಾಸ್ಟಿಕ್ ಪೊಟ್ಟಣ ತೆಗೆದು, ಮಾದರಿ ಇರುವ ಕೋಣೆಯಲ್ಲೇ ಹಲಗೆಗಳನ್ನು ಎರಡು ವಾರ ಗಾಳಿಗೆ ಇಡುತ್ತೇನೆ. ಅಂಟು ಮುಟ್ಟುವ ಮೊದಲು ಪ್ರತಿ ತುಂಡಿನ ಎರಡೂ ಮೈಗೆ, ಅಂಚಿಗೂ ಸೇರಿ, ಬಣ್ಣವನ್ನೋ ವಾರ್ನಿಷನ್ನೋ ಬಳಿಯುತ್ತೇನೆ. ಇದರಿಂದ ಮರ ತೇವ ಕುಡಿಯುವುದು ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಎರಡೂ ಕಡೆ ಒಂದೇ ಸಮ ನಿಧಾನವಾದರೆ ಬಾಗುವುದಿಲ್ಲ.

ನಿಮ್ಮೂರಿಗೆ ಹತ್ತಿರದಲ್ಲೇ ಕಿನ್ನಾಳ ಇದೆ. ಅಲ್ಲಿ ಚಿತ್ರಗಾರರು ಗೊಂಬೆ ಮಾಡುವುದನ್ನು ಒಮ್ಮೆ ಕೂತು ನೋಡಿ. ಹಗುರ ಮರವನ್ನು ಚೆನ್ನಾಗಿ ಒಣಗಿಸಿಯೇ ಕೆತ್ತುತ್ತಾರೆ. ಹುಣಸೆಬೀಜದ ಅಂಟಿನಲ್ಲಿ ಕೀಲು ಕೂಡಿಸಿ, ಕಲ್ಲಿನ ಪುಡಿ ಕಲಸಿದ ಬಿಳಿ ಲೇಪ ಕೊಟ್ಟು, ಮರ ಪೂರ್ತಿ ಮುಚ್ಚಿದ ಮೇಲೆ ಬಣ್ಣಕ್ಕೆ ಕೈ ಹಾಕುತ್ತಾರೆ. ನಮ್ಮ ಒಣ ಹವೆಯಲ್ಲಿ ತಲೆಮಾರುಗಟ್ಟಲೆ ಮರಕ್ಕೆ ಬಣ್ಣ ಹಚ್ಚಿದವರ ಕ್ರಮ ಅದು. ಕಿಟ್ಟಿನ ಕೈಪಿಡಿ ಬರೆದವರಿಗೆ ಕೊಪ್ಪಳದ ಮೇ ತಿಂಗಳು ಗೊತ್ತಿರುವುದಿಲ್ಲ.

ಇನ್ನು ಆಧಾರಪಟ್ಟಿ. ಕಿಟ್ಟಿನಲ್ಲಿ ಮೂಲೆಗೆ ಮಾತ್ರ ಚೌಕ ಪಟ್ಟಿ ಕೊಟ್ಟಿರುತ್ತಾರೆ, ಅದು ಸಾಲದು. 3 ಮಿ.ಮೀ. ಚೌಕದ ಪಟ್ಟಿ ತಂದು, ಎಳೆಗೆ ಅಡ್ಡವಾಗಿ, ಅಂದರೆ ನಿಮ್ಮ ಗೋಡೆಗೆ ಮೇಲಿನಿಂದ ಕೆಳಕ್ಕೆ, 30 ಮಿ.ಮೀ.ಗೊಂದರಂತೆ ಒಳಗಡೆ ಅಂಟಿಸಿ. ಎಳೆಯ ಉದ್ದಕ್ಕೆ ಅಂಟಿಸಿದ ಪಟ್ಟಿ ಬಾಗನ್ನು ತಡೆಯುವುದಿಲ್ಲ. ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲಿಯೇ. ಅಂಟಿಸುವ ಮೊದಲು ಕಿಟಕಿಯ ಚೌಕಟ್ಟು ಹಿಂದಿನಿಂದ ಕೂರುವ ಜಾಗ, ಪಕ್ಕದ ಗೋಡೆ ಬಂದು ಸೇರುವ ಅಂಚು, ನೆಲ ಮತ್ತು ಚಾವಣಿ ತಾಗುವ ಗೆರೆ, ಇಷ್ಟನ್ನು ಪೆನ್ಸಿಲಿನಲ್ಲಿ ಗುರುತು ಹಾಕಿ ಬಿಟ್ಟುಬಿಡಿ. ಪಟ್ಟಿ ಹಚ್ಚಿದ ಮೇಲೆ ಕಿಟಕಿ ಕೂರದಿದ್ದರೆ ಗೋಡೆಯನ್ನೇ ಕೆತ್ತಬೇಕಾಗುತ್ತದೆ. ಫೆವಿಕಾಲಿಗೆ ನೀರು ಬೆರೆಸಬೇಡಿ, ಬೆರೆಸಿದ ನೀರೆಲ್ಲ ಮರಕ್ಕೇ ಹೋಗುತ್ತದೆ. ಹಲ್ಲುಕಡ್ಡಿಯ ತುದಿಯಲ್ಲಿ ಸಣ್ಣ ಗೆರೆಯಷ್ಟು ಹಚ್ಚಿ, ಒತ್ತಿದಾಗ ಹೊರಬಂದದ್ದನ್ನು ಒರೆಸಿ, ಮತ್ತೆ ಗಾಜಿನ ಕೆಳಗೆ ಇಡಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಅಂಟು ಹಚ್ಚಿದರೆ ಪಟ್ಟಿ ಕೂರಿಸುವಷ್ಟರಲ್ಲೇ ಕೆನೆಗಟ್ಟುತ್ತದೆ. ಆ ಹತ್ತು ನಿಮಿಷ ಫ್ಯಾನ್ ಆರಿಸಿ.

ನಾಲ್ಕು ಗೋಡೆ ನಿಲ್ಲಿಸುವಾಗ ಮೂಲೆಮಟ್ಟ ಬೇಕೇ ಬೇಕು. ಒಂದು ಸಲಕ್ಕೆ ಎರಡೇ ಗೋಡೆ, ಎಲ್ ಆಕಾರದಲ್ಲಿ. ಅದು ಪೂರ್ತಿ ಒಣಗಿದ ಮೇಲೆ ಇನ್ನೊಂದು ಎಲ್. ಆಮೇಲೆ ಎರಡನ್ನೂ ಕೂಡಿಸಿ. ಲೇಸರ್‌ನಲ್ಲಿ ಕತ್ತರಿಸಿದ ಅಂಚು ಸುಟ್ಟು ಕಪ್ಪಾಗಿರುತ್ತದೆ, ಮೂಲೆಯಲ್ಲಿ ಕಪ್ಪು ಗೆರೆಯಾಗಿ ಎದ್ದು ಕಾಣುತ್ತದೆ. ಸಣ್ಣ ಪಾಲಿಷ್ ಪೇಪರಿನಲ್ಲಿ ಎರಡೇ ಎಳೆತ ಸಾಕು. ಜಾಸ್ತಿ ಉಜ್ಜಿದರೆ ಅಳತೆ ತಪ್ಪುತ್ತದೆ. ಬಿಡಿಭಾಗಗಳನ್ನು ಹಾಳೆಯಿಂದ ಕಿತ್ತು ತೆಗೆಯಬೇಡಿ, ಹಿಡಿದಿರುವ ಸಣ್ಣ ಕೊಂಡಿಯನ್ನು ಬ್ಲೇಡಿನಿಂದ ಕತ್ತರಿಸಿ. ಬೇಕಾದ ತುಂಡು ಬೇಕಾದಾಗ ಮಾತ್ರ. ಹಿಂದೆ ಅಂಟು ಇರುವ ಸ್ಟಿಕ್ಕರ್ ಪಟ್ಟಿಗಳು ಬಂದಿದ್ದರೆ ಅವನ್ನು ನಂಬಬೇಡಿ. ನಮ್ಮ ಬಿಸಿಲಿಗೆ ಒಂದು ಬೇಸಿಗೆಯಲ್ಲಿ ತುದಿ ಎದ್ದುಬಿಡುತ್ತದೆ, ಎರಡು ಕೊನೆಗೂ ಸೂಜಿಮೊನೆಯಷ್ಟು ಫೆವಿಕಾಲ್ ಹಚ್ಚಿ.

ಎರಡನೆಯ ಪ್ರಶ್ನೆಗೆ ಬರುತ್ತೇನೆ. ಇದು ಕೇಳಿದ್ದು ನನಗೆ ನಿಜಕ್ಕೂ ಸಂತೋಷ, ಯಾಕೆಂದರೆ ಬಹಳ ಜನ ಪೆಟ್ಟಿಗೆಯ ಮೇಲಿನ ಚಿತ್ರದಂತೆಯೇ ಕಟ್ಟಿ ನಿಲ್ಲಿಸುತ್ತಾರೆ.

ಮೊದಲು ಹಳಿಯ ಮಾತು, ಬೇಗ ಮುಗಿಸುತ್ತೇನೆ. ರಾಯಚೂರು ಬ್ರಾಡ್ ಗೇಜ್ ಊರು. ಮುಂಬೈ ಕಡೆಯ ಹಳಿ ಮತ್ತು ಮದರಾಸಿನ ಹಳಿ 1871ರಲ್ಲಿ ಕೂಡಿದ್ದು ಅಲ್ಲೇ. ಕೊಪ್ಪಳದ ದಾರಿ ಸದರ್ನ್ ಮರಾಠಾ ರೈಲ್ವೆಯ ಮೀಟರ್ ಗೇಜ್, ಅದು ಬ್ರಾಡ್ ಗೇಜ್ ಆದದ್ದು 1990ರ ದಶಕದಲ್ಲಿ. ಎಚ್‌ಒ ಎಂದರೆ 1:87. ಅಂಗಡಿಯಲ್ಲಿ ಸಿಗುವ ಅದರ ಸಾಮಾನ್ಯ ಹಳಿ 16.5 ಮಿ.ಮೀ., ಅದು ಅಮೆರಿಕ ಯುರೋಪಿನ 1435 ಮಿ.ಮೀ. ಗೇಜಿಗೆ ಹೊಂದುತ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ., ಸ್ಕೇಲಿಗೆ ಇಳಿಸಿದರೆ 19ಕ್ಕೂ ಮಿಕ್ಕಿ ಬೇಕು. ಮೀಟರ್ ಗೇಜಿಗಾದರೆ 12 ಮಿ.ಮೀ. ಹಳಿ ಸಿಗುತ್ತದೆ. 12ನ್ನು 87ರಿಂದ ಗುಣಿಸಿದರೆ 1044, ಒಂದು ಮೀಟರಿಗೆ ತೀರಾ ಹತ್ತಿರ. ಅಂದರೆ ನಿಮ್ಮ ನೆನಪಿನ ಕೊಪ್ಪಳವನ್ನು ಕಟ್ಟುವುದು ರಾಯಚೂರನ್ನು ಕಟ್ಟುವುದಕ್ಕಿಂತ ಅಳತೆಯಲ್ಲಿ ಸರಿ ಬರುತ್ತದೆ.

ಈಗ ಶೆಡ್. ಅಮೆರಿಕದಲ್ಲಿ ಕಾಡು ಹೇರಳ, ಗೋಡೆಗೂ ಮರ, ಚಾವಣಿಗೂ ಮರದ ಚೂರು. ನಮ್ಮಲ್ಲಿ ಹೇರಳವಾಗಿರುವುದು ಕಲ್ಲು. ಗೋಡೆ ಕಲ್ಲಿನದು, ಚಾವಣಿ ಜಿಂಕ್ ತಗಡಿನದು ಇಲ್ಲವೇ ಮಂಗಳೂರು ಹೆಂಚಿನದು. ಮರ ಇರುವುದು ಬಾಗಿಲಿಗೆ, ಕಿಟಕಿಗೆ, ತೊಲೆ ಜಂತೆಗೆ. ಹಾಗಾಗಿ ಕಿಟ್ಟಿನ ಎಲುಬು ಇಟ್ಟುಕೊಳ್ಳಿ, ಚರ್ಮ ಬದಲಾಯಿಸಿ. 20 ಅಡಿ ಅಗಲ, 40 ಅಡಿ ಉದ್ದದ ಶೆಡ್ಡಾದರೆ 70 ಮಿ.ಮೀ. ಅಗಲ, 140 ಮಿ.ಮೀ. ಉದ್ದ. ನಮ್ಮ ಸಣ್ಣ ಸ್ಟೇಷನ್ನಿನ ಗೂಡ್ಸ್ ಶೆಡ್ಡಿಗೆ ಈ ಅಳತೆ ಒಪ್ಪುತ್ತದೆ.

ಗೋಡೆಯನ್ನು ಒಳಮೈ ಹೊರಗೆ ಬರುವಂತೆ ತಿರುಗಿಸಿಬಿಡಿ. ಹಲಗೆಯ ಗೆರೆಗಳೆಲ್ಲ ಒಳಗೆ ಹೋಗುತ್ತವೆ, ನಯವಾದ ಬೆನ್ನು ಹೊರಗೆ ಬರುತ್ತದೆ. ಹೀಗೆ ಮಾಡುವುದಾದರೆ ಆಧಾರಪಟ್ಟಿಯೂ ಗೆರೆಯ ಮೈಗೇ ಅಂಟಬೇಕು, ಆದ್ದರಿಂದ ಇದನ್ನು ಪಟ್ಟಿಗೆ ಮೊದಲೇ ತೀರ್ಮಾನಿಸಿ. ತಿರುಗಿಸಿದಾಗ ಎಡಬಲ ಅದಲುಬದಲಾಗುತ್ತದೆ, ಬಾಗಿಲು ರಸ್ತೆಯ ಕಡೆಗೆ, ಹಳಿಯ ಕಡೆಗೆ ಸರಿಯಾಗಿ ಬರುತ್ತದೆಯೇ ಎಂದು ಒಮ್ಮೆ ಒಣದಾಗಿ ನಿಲ್ಲಿಸಿ ನೋಡಿ. ಹೊರಮೈಯನ್ನು ಲಘುವಾಗಿ ಉಜ್ಜಿ, ಗೋಡೆಗೆ ಬಳಿಯುವ ಅಕ್ರಿಲಿಕ್ ಪುಟ್ಟಿಯನ್ನು ಅರ್ಧ ಮಿ.ಮೀ. ದಪ್ಪಕ್ಕೆ ಹಚ್ಚಿ. ಒಂದೇ ಸಲಕ್ಕೆ ಬೇಡ, ತೆಳುವಾಗಿ ಎರಡು ಸಲ. ಎರಡನೆಯದು ಅರ್ಧ ಒಣಗಿ, ಉಗುರು ಒತ್ತಿದರೆ ಗುರುತು ಬೀಳುವ ಹದಕ್ಕೆ ಬಂದಾಗ ಹೊಲಿಗೆ ಸೂಜಿಯಿಂದ ಕಲ್ಲಿನ ಸಂದು ಗೀರಿ. ಒಂದು ವರಸೆಯ ಎತ್ತರ 3 ಮಿ.ಮೀ. ಇದ್ದರೆ ಸುಮಾರು ಹತ್ತು ಇಂಚಿನ ಕಲ್ಲು. ಅಡ್ಡ ಸಂದು ನೇರವಾಗಿರಲಿ, ನಿಲುವು ಸಂದು ಒಂದರ ಕೆಳಗೊಂದು ಬರಬಾರದು. ಮೂಲೆಯ ಕಲ್ಲು ದೊಡ್ಡದು, ಒಂದು ವರಸೆಯಲ್ಲಿ ಉದ್ದ ಮುಖ, ಮುಂದಿನದರಲ್ಲಿ ಗಿಡ್ಡ ಮುಖ. ಗೌಂಡಿಗಳು ಕಟ್ಟುವುದೇ ಹಾಗೆ, ಅದು ತಪ್ಪಿದರೆ ಕಲ್ಲಿನ ಗೋಡೆ ಬಣ್ಣದ ಕಾಗದದ ಹಾಗೆ ಕಾಣುತ್ತದೆ. ಬಣ್ಣಕ್ಕೆ ಒಂದೇ ಬೂದು ಬಳಿಯಬೇಡಿ. ನಮ್ಮ ಗ್ರಾನೈಟಿನಲ್ಲಿ ಬೂದು ಬಣ್ಣದ ಜೊತೆಗೆ ತಿಳಿಗುಲಾಬಿಯ ಛಾಯೆ ಇದೆ, ಕೊಪ್ಪಳದ ಕೋಟೆ ಬೆಟ್ಟವನ್ನು ಸಂಜೆ ನೋಡಿದರೆ ತಿಳಿಯುತ್ತದೆ. ಹತ್ತರಲ್ಲಿ ಎರಡು ಕಲ್ಲಿಗೆ ಆ ಛಾಯೆ ಕೊಟ್ಟರೆ ಸಾಕು.

ಕಿಟಕಿ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂರುವ ಕೆಲಸ. ಕಿಟ್ಟಿನಲ್ಲಿ ಬಂದದ್ದು ಮೇಲೆ ಕೆಳಗೆ ಸರಿಯುವ ಗಾಜಿನ ಕಿಟಕಿ. ಅದೊಂದು ಉಳಿದರೂ ಶೆಡ್ ಅಮೆರಿಕದ್ದೇ. ಚೌಕಟ್ಟು ಮಾತ್ರ ಇಟ್ಟುಕೊಂಡು ನಡುವಿನದನ್ನೆಲ್ಲ ಕತ್ತರಿಸಿ ತೆಗೆಯಿರಿ. 0.3 ಮಿ.ಮೀ.ನ ತಂತಿಯನ್ನು ನೆಟ್ಟಗೆ ಎಳೆದು, 1.2 ಮಿ.ಮೀ. ಅಂತರದಲ್ಲಿ ನಿಲುವು ಸರಳುಗಳಾಗಿ ಕೂರಿಸಿ. ಇದು ನಿಜದಲ್ಲಿ ಒಂದಿಂಚು ದಪ್ಪದ ಸರಳು, ನಾಲ್ಕು ಇಂಚಿನ ಅಂತರ. ಅಂತರ ಸಮ ಬರಬೇಕಾದರೆ ಗ್ರಾಫ್ ಕಾಗದದ ಮೇಲೆ ಚೌಕಟ್ಟನ್ನು ಟೇಪಿನಿಂದ ಅಂಟಿಸಿಕೊಂಡು ಗೆರೆ ನೋಡುತ್ತ ಕೂರಿಸಿ. ಎರಡೂ ಪಕ್ಕಕ್ಕೆ ತೆರೆದ ಮರದ ಕದ, ಒಂದು ಕದ ಅರ್ಧ ಮುಚ್ಚಿರಲಿ. ಸರಳು ಬಿದ್ದ ಕ್ಷಣ ಆ ಗೋಡೆ ನಮ್ಮದಾಗುತ್ತದೆ. ಗಾಜು ಬೇಕೇ ಬೇಕು ಎಂದರೆ ಫೆವಿಕ್ವಿಕ್‌ನಿಂದ ಅಂಟಿಸಬೇಡಿ, ಅದರ ಆವಿ ಪಾರದರ್ಶಕ ಹಾಳೆಯ ಮೇಲೆ ಬಿಳಿ ಮಂಜಿನಂತೆ ಕೂತುಬಿಡುತ್ತದೆ. ಅಲ್ಲಿಗೆ ಫೆವಿಕಾಲೇ ಸರಿ.

ತಗಡಿನ ಚಾವಣಿಗೆ ದುಡ್ಡು ಖರ್ಚು ಮಾಡಬೇಕಿಲ್ಲ. ನಿಜವಾದ ಜಿಂಕ್ ತಗಡಿನಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ ಮೂರು ಇಂಚು, ಎಚ್‌ಒದಲ್ಲಿ ಅದು 0.9 ಮಿ.ಮೀ.ಗೆ ಹತ್ತಿರ. ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಎಂ-5 (5 ಮಿ.ಮೀ. ದಪ್ಪದ) ಬೋಲ್ಟಿನ ಮರೆ, ಅಂದರೆ ತಿರುಪಿನ ಒಂದು ಸುತ್ತಿನಿಂದ ಇನ್ನೊಂದಕ್ಕೆ ಅಂತರ, 0.8 ಮಿ.ಮೀ. ಇರುತ್ತದೆ. ಪೂರ್ತಿ ಮರೆ ಇರುವ ಉದ್ದನೆಯ ಬೋಲ್ಟ್ ತನ್ನಿ. ಊಟ ಕಟ್ಟಿಕೊಡುವ ದಪ್ಪ ಅಲ್ಯುಮಿನಿಯಂ ಡಬ್ಬಿಯ ತಳವನ್ನು ಕತ್ತರಿಸಿ, ಹಳೆಯ ಮೌಸ್ ಪ್ಯಾಡಿನ ಮೇಲಿಟ್ಟು, ಬೋಲ್ಟನ್ನು ಚಪಾತಿ ಲಟ್ಟಣಿಗೆಯಂತೆ ಒತ್ತಿ ಉರುಳಿಸಿ. ಸಾಲು ಸಾಲು ಅಲೆ ಮೂಡುತ್ತದೆ. ಮರೆ ಸುರುಳಿಯಾಗಿರುವುದರಿಂದ ಗೆರೆ ಉರುಳಿಸಿದ ದಿಕ್ಕಿಗಿಂತ ಒಂದಿಷ್ಟು ಓರೆ ಬರುತ್ತದೆ, ಕತ್ತರಿಸುವಾಗ ಅಂಚನ್ನು ಬಿಟ್ಟು ಗೆರೆಯನ್ನೇ ಹಿಡಿದು ಕತ್ತರಿಸಿ. ಒಂದೊಂದು ತುಂಡು 28 ಮಿ.ಮೀ. ಉದ್ದ, 8 ಮಿ.ಮೀ. ಅಗಲ, ಅಂದರೆ ಎಂಟಡಿ ತಗಡು. ಇಡೀ ಚಾವಣಿಯನ್ನು ಒಂದೇ ಹಾಳೆಯಲ್ಲಿ ಮುಚ್ಚಬಾರದು. ಕೆಳಸಾಲಿನಿಂದ ಶುರುಮಾಡಿ, ಒಂದರ ಮೇಲೊಂದು ಒಂದು ಅಲೆಯಷ್ಟು ಹೊದಿಸುತ್ತ ಮೇಲಕ್ಕೆ ಹೋಗಿ. ಇಲ್ಲಿ ಅಂಟಿಗೆ ರಬ್ಬರ್ ಅಂಟು ವಾಸಿ, ತಗಡು ಬಿಸಿಗೆ ಹಿಗ್ಗಿದರೂ ಬಿಡುವುದಿಲ್ಲ. ಹಚ್ಚುವಾಗ ಕಿಟಕಿ ತೆರೆದಿರಲಿ.

ದೊಡ್ಡ ಬಾಗಿಲು ಮಾತ್ರ ಮರದ್ದಾಗಿಯೇ ಕಾಣಲಿ. 1.7 ಮಿ.ಮೀ. ಅಗಲದ ಪಟ್ಟಿಗಳನ್ನು, ಅಂದರೆ ಆರು ಇಂಚಿನ ಹಲಗೆಗಳನ್ನು, ಪಕ್ಕಪಕ್ಕಕ್ಕೆ ಜೋಡಿಸಿ ಹಿಂದೆ ಝಡ್ ಆಕಾರದ ಅಡ್ಡಪಟ್ಟಿ ಕೊಡಿ. ಬಣ್ಣದ ಬದಲು ಕಲೆ ಹಿಡಿಸಿ: 100 ಮಿ.ಲೀ. ಐಸೊಪ್ರೊಪೈಲ್ ಆಲ್ಕೊಹಾಲಿಗೆ 2 ಮಿ.ಲೀ.ನಷ್ಟು ಚಪ್ಪಲಿ ಹೊಲಿಯುವವರು ಬಳಸುವ ಕಪ್ಪು ಚರ್ಮದ ಬಣ್ಣ, ಸ್ಪಿರಿಟಿನಲ್ಲಿ ಕರಗುವಂಥದ್ದು. ಪಟ್ಟಿಗಳನ್ನು ಅದರಲ್ಲಿ ಅದ್ದಿ ತೆಗೆದರೆ ವರ್ಷಗಟ್ಟಲೆ ಬಿಸಿಲು ತಿಂದ ಬೆಳ್ಳಿಬೂದು ಬರುತ್ತದೆ. ನೀರಿಲ್ಲದ್ದರಿಂದ ಮರ ಉಬ್ಬುವುದೂ ಕಡಿಮೆ. ಇದನ್ನು ಅಂಟಿಗೆ ಮೊದಲೇ ಮಾಡಬೇಕು, ಫೆವಿಕಾಲ್ ತಾಗಿದ ಜಾಗಕ್ಕೆ ಕಲೆ ಹಿಡಿಯದೆ ಹಳದಿ ಮಚ್ಚೆ ಉಳಿದುಬಿಡುತ್ತದೆ. ಒಲೆ, ದೀಪ, ಬೀಡಿ ಹತ್ತಿರ ಇರಬಾರದು. ಬಾಗಿಲ ಕೆಳಗಿನ ಒಂದಡಿ, ಅಂದರೆ 3.5 ಮಿ.ಮೀ., ಮೇಲಿನ ಭಾಗಕ್ಕಿಂತ ಕಪ್ಪಾಗಿರಲಿ. ಚೀಲ ತಾಗಿ, ಕಾಲು ತಾಗಿ, ಮಳೆ ಸಿಡಿದು ಸವೆಯುವುದು ಅಲ್ಲಿಯೇ.

ಪ್ಲಾಟ್‌ಫಾರ್ಮಿನ ಎತ್ತರಕ್ಕೆ ಕೈಪಿಡಿ ನೋಡಬೇಡಿ, ನಿಮ್ಮ ವ್ಯಾಗನ್ನನ್ನೇ ಹಳಿಯ ಮೇಲೆ ನಿಲ್ಲಿಸಿ, ಅದರ ನೆಲದ ಮಟ್ಟಕ್ಕೆ ಕಟ್ಟಿ. ಹಮಾಲರು ಚೀಲ ಹೊತ್ತು ನೇರ ನಡೆದು ಹೋಗಬೇಕಲ್ಲ. ಇನ್ನೊಂದು ಬದಿಗೆ ಎತ್ತಿನ ಗಾಡಿ ಬಂದು ನಿಲ್ಲುವ ಜಾಗ ಬಿಡಿ. ಶೇಂಗಾ, ಜೋಳದ ಚೀಲಕ್ಕೆ ಅದೇ ಪುಟ್ಟಿಯನ್ನು 10 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಉಂಡೆ ಮಾಡಿ, ಹಸಿ ಇರುವಾಗಲೇ ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಒತ್ತಿದರೆ ಗೋಣಿಯ ನೇಯ್ಗೆ ಮೂಡುತ್ತದೆ. ಎರಡು ಕಿವಿ ಹಿಂಡಿ. ಒಂದರ ಮೇಲೊಂದು ಒಟ್ಟುವಾಗ ಕೆಳಗಿನದು ಚಪ್ಪಟೆಯಾಗಬೇಕು, ಆದ್ದರಿಂದ ಹಸಿಯಲ್ಲೇ ಒಟ್ಟಿ.

ಧೂಳಿನ ವಿಷಯದಲ್ಲಿ ಬಳ್ಳಾರಿ ಕಡೆಯವನಾಗಿ ಒಂದು ಎಚ್ಚರಿಕೆ. ನಮ್ಮ ಕೆಂಪು ಮಣ್ಣನ್ನೇ ಜರಡಿ ಹಿಡಿದು ಉದುರಿಸೋಣ ಅನಿಸುತ್ತದೆ, ಬಣ್ಣ ಅಷ್ಟು ಚೆನ್ನಾಗಿದೆ. ಸಂಡೂರು, ಹೊಸಪೇಟೆ ಸುತ್ತಿನ ಧೂಳಿನಲ್ಲಿ ಅದಿರಿನ ಪುಡಿ ಇರುತ್ತದೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆ ಮಣ್ಣಿನಲ್ಲಿ ಆಡಿಸಿ ನೋಡಿ. ಕಪ್ಪು ಮೀಸೆಯಂತೆ ಹತ್ತಿಕೊಂಡು ಬಂದರೆ ಆ ಮಣ್ಣು ಹಳಿಯ ಹತ್ತಿರ ಬೇಡ, ಎಂಜಿನ್ನಿನ ಮೋಟಾರಿನಲ್ಲೂ ಅಯಸ್ಕಾಂತವೇ ಇರುವುದು. ಒಮ್ಮೆ ಒಳಗೆ ಹೋದ ಪುಡಿ ಹೊರಗೆ ಬರುವುದಿಲ್ಲ. ಬಣ್ಣದ ಸೀಮೆಸುಣ್ಣವನ್ನು ಬ್ಲೇಡಿನಿಂದ ಕೆರೆದು, ಕೆಂಪು ಎರಡು ಪಾಲು, ಕಂದು ಒಂದು ಪಾಲು ಬೆರೆಸಿ ಕುಂಚದಿಂದ ಸವರಿ. ಗೋಡೆಯ ಬುಡಕ್ಕೆ, ಚಾವಣಿಯ ಅಲೆಗಳ ತಗ್ಗಿಗೆ ಹೆಚ್ಚು, ಸೂರಿನ ಕೆಳಗೆ ಕಡಿಮೆ. ಮೇಲೆ ಹೊಳಪಿಲ್ಲದ ವಾರ್ನಿಷ್ ದೂರದಿಂದ ಒಂದು ಸಲ ಸಿಂಪಡಿಸಿ. ಸಿಂಪಡಿಸಿದಾಗ ಬಣ್ಣ ಅರ್ಧದಷ್ಟು ಮಾಯವಾದಂತೆ ಕಾಣುತ್ತದೆ, ಹಾಗಾಗಿ ಮೊದಲೇ ಸ್ವಲ್ಪ ಹೆಚ್ಚೇ ಹಚ್ಚಿರಬೇಕು.

ಶೆಡ್ಡನ್ನು ಹಳಿ ಹಾಕಿದ ಅಡಿಹಲಗೆಗೆ ಅಂಟಿಸಬೇಡಿ. ನೆಲದ ನಾಲ್ಕು ಮೂಲೆಗೆ ಗುಂಡುಸೂಜಿ ಕೊಟ್ಟು ಕೂರಿಸಿ, ಗೆದ್ದಲು ನೋಡಲು ಆರು ತಿಂಗಳಿಗೊಮ್ಮೆ ಎತ್ತಲು ಬರಬೇಕು. ಕಟ್ಟುವ ಮೊದಲು ನಿಮ್ಮ ಸುತ್ತಲಿನ ಯಾವುದಾದರೂ ಸ್ಟೇಷನ್ನಿನಲ್ಲಿ ಹಳೆಯ ಕಲ್ಲಿನ ಶೆಡ್ ಉಳಿದಿದ್ದರೆ ಸ್ಟೇಷನ್ ಮಾಸ್ಟರರನ್ನು ಕೇಳಿ ಒಂದು ಫೋಟೊ ತೆಗೆದುಕೊಳ್ಳಿ. ಬಾಗಿಲ ಪಕ್ಕ ಯಾರನ್ನಾದರೂ ನಿಲ್ಲಿಸಿ ತೆಗೆಯಿರಿ. ಅವರ ಎತ್ತರ ಐದೂವರೆ ಅಡಿ ಇದ್ದರೆ ಎಚ್‌ಒದಲ್ಲಿ 19 ಮಿ.ಮೀ. ಚಿತ್ರದಲ್ಲಿ ಅವರನ್ನು ಅಳೆದರೆ ಬಾಗಿಲು, ಕಿಟಕಿ, ಸೂರು ಎಲ್ಲದರ ಅಳತೆ ಅದರಿಂದಲೇ ಸಿಗುತ್ತದೆ.